ಕಂಟಿನ್ಯುಟಿ ರಾಯರು

ಹಲಸೂರಿನ ಸೋಮೇಶ್ವರ ದೇವಸ್ಥಾನದಿಂದ ಇಂದಿರಾನಗರದ ಸಿ.ಎಂ.ಎಚ್. ರಸ್ತೆಯ ತುದಿವರೆಗೆ ನಡೆದರೆ ಇಂಥವರು ನಾಲ್ಕೈದು ಜನ ಸಿಕ್ಕೇ ಸಿಗುತ್ತಾರೆ. ರಿಟೈರ್ ಆದವರು, ಕೈಯಲ್ಲಿ ತರಕಾರಿ ಚೀಲ, ಬಾಯಲ್ಲಿ ‘ಮಾಲ್ಗುಡಿ ಡೇಸ್’. ನಮ್ಮ ಬೀದಿಯವರಿಗೆ ಕಂಟಿನ್ಯುಟಿ ರಾಯರು ಎಂದೇ ಹೆಸರು.

ರಾಯರು ದೂರವಾಣಿನಗರದ ಐಟಿಐನಲ್ಲಿ, ಇನ್‌ಸ್ಪೆಕ್ಷನ್ ಸೆಕ್ಷನ್ನಿನಲ್ಲಿದ್ದವರು. ಕೆಟ್ಟ ಫೋನು ಹಿಡಿಯುವುದಕ್ಕೇ ಸಂಬಳ ಎಣಿಸಿದವರು. ರಿಟೈರ್ ಆದ ಮೇಲೆ ಫೋನು ಹೋಯಿತು, ಟಿ.ವಿ. ಸಿಕ್ಕಿತು. ಹಳೇ ಕಾಲದ ಕಥೆಯಿರುವ ಯಾವುದೇ ಧಾರಾವಾಹಿಯಲ್ಲಿ ಕರಿ ಫೋನು ಕಂಡರೆ ಸಾಕು, ಸೋಫಾದಿಂದ ಏಳುತ್ತಾರೆ. “ಅದು ನಮ್ಮ ಡಯಲ್ಲು ಕಣಯ್ಯ! ಫ್ಯಾಕ್ಟರಿ ಶುರುವಾಗಿದ್ದೇ 1948ರಲ್ಲಿ. ಇವನು ದಂಡಿಯಾತ್ರೆ ಟೈಮಲ್ಲಿ ಯಾರಿಗೆ ಫೋನ್ ಮಾಡ್ತಿದಾನೆ?”

‘ಪಾಪ ಪಾಂಡು’, ‘ಸಿಲ್ಲಿ ಲಲ್ಲಿ’ ಅವರ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿ ಎಲ್ಲರೂ ಬೇಕಂತಲೇ ತಪ್ಪು ಮಾಡುವವರು, ಹಿಡಿದರೆ ಏನು ಪುರುಷಾರ್ಥ? ಮಾಲ್ಗುಡಿಯೇ ಬೇಕು. ಶಂಕರ್ ನಾಗ್ ನಿರ್ದೇಶನ, ಆರ್.ಕೆ. ಲಕ್ಷ್ಮಣ್ ಗೆರೆ, ಸ್ವಾಮಿಯಾಗಿ ಮಾಸ್ಟರ್ ಮಂಜುನಾಥ್, ಅವನಪ್ಪನಾಗಿ ಗಿರೀಶ್ ಕಾರ್ನಾಡ್. ಇಷ್ಟು ಹೇಳುವಾಗ ರಾಯರ ದನಿ ಸಹಸ್ರನಾಮಕ್ಕೆ ಕೂತವರ ಹಾಗಿರುತ್ತದೆ. ಮುಗಿದ ತಕ್ಷಣ ಇನ್‌ಸ್ಪೆಕ್ಷನ್ ಶುರು.

ಮೊದಲ ಆಕ್ಷೇಪಣೆ ರೈಲಿನದು. ಶೂಟಿಂಗ್ ನಡೆದದ್ದು ಆಗುಂಬೆಯಲ್ಲಿ, ಆಗುಂಬೆಗೆ ಇವತ್ತಿಗೂ ರೈಲಿಲ್ಲ. ತೆರೆಯ ಮೇಲಿನ ಮಾಲ್ಗುಡಿ ಸ್ಟೇಷನ್ನು ಶಿವಮೊಗ್ಗ–ತಾಳಗುಪ್ಪ ಲೈನಿನ ಅರಸಾಳು. ನಡುವೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ಘಟ್ಟದ ಹಾದಿ. “ಮಾಲ್ಗುಡಿಯವರು ರೈಲು ಹಿಡಿಯೋಕೆ ಮೊದಲು ಬಸ್ ಹಿಡೀಬೇಕಾಗಿತ್ತು,” ಎನ್ನುತ್ತಾರೆ. ಅರಸಾಳಿನ ಹಳೇ ಕಟ್ಟಡವನ್ನು ಈಗ ಮಾಲ್ಗುಡಿ ಮ್ಯೂಸಿಯಂ ಮಾಡಿದ್ದಾರೆ, ಅದನ್ನು ಸಿಂಗರಿಸಿದವರೂ ಅಂದು ಸೆಟ್ ಹಾಕಿದ್ದ ಜಾನ್ ದೇವರಾಜ್ ಅವರೇ. ಇದನ್ನು ರಾಯರು ತಪ್ಪೊಪ್ಪಿಗೆ ಎಂದೇ ದಾಖಲಿಸಿಕೊಂಡಿದ್ದಾರೆ.

ಎರಡನೆಯದು ಮಳೆ. ದಕ್ಷಿಣದ ಚಿರಾಪುಂಜಿಯಲ್ಲಿ ಊರು ಹೂಡಿ ಹುಡುಗರಿಗೆ ಕ್ರಿಕೆಟ್ ಆಡಿಸುವುದೇ? ಮೂರನೆಯದು ಹಿಂದಿ. ಅಚ್ಚ ಮಲೆನಾಡಿನ ಜಗಲಿಯ ಮೇಲೆ ಕೂತು, ನಮ್ಮದೇ ರಂಗಭೂಮಿಯ ಜನ ದೂರದರ್ಶನಕ್ಕೆಂದು ಹಿಂದಿಯಲ್ಲಿ ಜಗಳವಾಡುತ್ತಾರೆ. ಇದನ್ನು ಮಾತ್ರ ರಾಯರು ಕ್ಷಮಿಸಿದ್ದಾರೆ. ಕಂಟೋನ್ಮೆಂಟ್ ಕಡೆಯವರಿಗೆ ಮನೆಯಲ್ಲೊಂದು, ಶಿವಾಜಿನಗರದ ಬಸ್‌ಸ್ಟ್ಯಾಂಡಿನಲ್ಲಿ ಮೂರು ಭಾಷೆ ಮಾಮೂಲು.

ನಾಲ್ಕನೆಯದು ರಮೇಶ್ ಭಟ್. “ಈ ವಾರ ನೋಡಿದ ಮುಖ ಇನ್ನೊಂದು ವಾರ ಬೇರೆ ಹೆಸರು ಹೇಳ್ಕೊಂಡು ಅದೇ ಬೀದೀಲಿ ಬರುತ್ತೆ. ಊರಲ್ಲಿ ಒಬ್ಬನಿಗೂ ಗುರುತು ಸಿಗಲ್ವ?” ಮೊಮ್ಮಗ ಸಮಾಧಾನ ಹೇಳಿದ: “ತಾತ, ಅದು ಬೇರೆ ಎಪಿಸೋಡು.” ರಾಯರು ಅವನನ್ನು ರಿಜೆಕ್ಟ್ ಆದ ರಿಸೀವರಿನ ಹಾಗೆ ನೋಡಿದರು.

ಅವರ ಜೊತೆ ಆಟೋ ಹತ್ತುವುದು ಇನ್ನೊಂದು ಕಷ್ಟ. ಹಿಂದಿನ ಗಾಜಿನ ಮೇಲೆ ಶಂಕರ್ ನಾಗ್ ಚಿತ್ರ ಇದ್ದರೆ ಮುಗಿಯಿತು. ಮೊನ್ನೆ ಎಂ.ಜಿ. ರಸ್ತೆಯಲ್ಲಿ, ಸಿಂಫನಿ ಥಿಯೇಟರಿಗೆ ಶಂಕರ್ ನಾಗ್ ಹೆಸರಿಟ್ಟ ಪ್ರಸಂಗದಿಂದ ಹಿಡಿದು, ಮಾಲ್ಗುಡಿಯ ಸರಯೂ ನದಿ ದಂಡೆಯ ಸಭೆಗೆ ಆರ್.ಕೆ. ನಾರಾಯಣ್ ತಮ್ಮ ಕಾದಂಬರಿಯಲ್ಲಿ ಕೊಟ್ಟ ತಾರೀಖು 1930ರ ಆಗಸ್ಟ್ 15 ಎಂಬಲ್ಲಿಗೆ ಬಂದರು. “ಪುಸ್ತಕ ಬಂದಿದ್ದು 1935ರಲ್ಲಿ. ಸ್ವಾತಂತ್ರ್ಯದ ತಾರೀಖು ಅವರಿಗೆ ಹೆಂಗೆ ಗೊತ್ತಾಯ್ತು ಹೇಳಪ್ಪ?” ಡ್ರೈವರ್ ಮೀಟರಿನ ಕಡೆ ಕೈ ತೋರಿಸಿದ: “ಸಾರ್, ಕತೆ ಹೇಳಿ, ಬೇಡ ಅನ್ನಲ್ಲ. ವೈಟಿಂಗ್ ಓಡ್ತಾ ಇದೆ.”

ಇಷ್ಟೆಲ್ಲ ತಪ್ಪು ಹಿಡಿದವರಿಗೆ ಧಾರಾವಾಹಿ ಹಿಡಿಸಿಲ್ಲ ಎಂದುಕೊಂಡರೆ ಕೆಟ್ಟಿರಿ. ಬೇರೆಯವರು ಒಂದು ತಪ್ಪು ತೋರಿಸಿದರೆ ರಾಯರಿಗೆ ಮೂಗಿನ ತುದಿಯಲ್ಲಿ ಕೋಪ. ಅದು ಬಜೆಟ್ಟಿನ ಅಭಾವ, ಇದು ಬೆಳಕಿನ ಪ್ರಶ್ನೆ ಎಂದು ಶಂಕರ್ ನಾಗ್ ಪರ ವಕೀಲಿಕೆಗೆ ನಿಲ್ಲುತ್ತಾರೆ. ಇನ್‌ಸ್ಪೆಕ್ಷನ್ ಅಧಿಕಾರ ಒಬ್ಬರಿಗೇ ಇರಬೇಕು, ನೋಡಿ.

ಅವರ ಮುಕುಟಮಣಿ ಬೇರೆಯೇ ಇದೆ. ರಜೆ ಹಾಕಿ ಆಗುಂಬೆಗೆ ಹೋಗಿ ಶೂಟಿಂಗ್ ನೋಡಿದ್ದಾರಂತೆ, ಗುಂಪಿನ ದೃಶ್ಯವೊಂದರಲ್ಲಿ ಅರ್ಧ ಸೆಕೆಂಡು ಕಾಣುತ್ತಾರಂತೆ. ಎಡಮೂಲೆ, ಕೊಡೆ ಹಿಂದೆ. ಹೋದ ಭಾನುವಾರ ಬಂದ ನೆಂಟರಿಗೆ ಇದನ್ನು ಹೇಳುತ್ತಿದ್ದರು.

“ನೀಲಿ ಶರ್ಟು ಹಾಕಿದ್ದೆ. ಟಿ.ವಿ.ಲಿ ಎದ್ದು ಕಾಣ್ತಿತ್ತು.”

ಅಡುಗೆಮನೆಯಿಂದ ಅವರ ಮನೆಯವರು ಕಾಫಿ ಲೋಟಗಳ ಸಮೇತ ಬಂದರು. “ಯುಗಾದೀಲಿ ಬಿಳಿ ಜುಬ್ಬ ಅಂದಿದ್ರಿ. ಆವಾಗ ಮನೇಲಿದ್ದಿದ್ದು ಬ್ಲ್ಯಾಕ್ ಅಂಡ್ ವೈಟ್ ಡಯನೋರಾ, ಅದರಲ್ಲಿ ನೀಲಿ ಎಲ್ಲಿಂದ ಕಾಣ್ತು?”

ರಾಯರು ಲೋಟ ತಗೊಂಡರು. ಒಂದು ಗುಟುಕು ಕುಡಿದರು.

“ಅದು ಬೇರೆ ಎಪಿಸೋಡು ಕಣೇ.”