ಅಂಡರ್‌ಸ್ಕೋರ್ ರಾಯರು

ಲೆಕ್ಕದ ಕೋಡು ಓಡುವ ಯಾವ ಸಂಶೋಧನಾಲಯಕ್ಕೆ ಹೋದರೂ ಇಂಥ ಒಬ್ಬ ರಾಯರು ಇದ್ದೇ ಇರುತ್ತಾರೆ. ಬೆಂಗಳೂರಿನಲ್ಲಂತೂ ಯಶವಂತಪುರದಿಂದ ವಿಮಾನಪುರದವರೆಗೆ ಎಲ್ಲಿ ಕೈ ಬೀಸಿದರೂ ಒಬ್ಬರಿಗೆ ತಾಗುತ್ತದೆ. ನಿವೃತ್ತರಾಗಿ ಎಷ್ಟೋ ಕಾಲವಾದರೂ ‘ಕನ್ಸಲ್ಟೆಂಟ್’ ಎಂಬ ಹಣೆಪಟ್ಟಿಯಲ್ಲಿ ಅದೇ ಕುರ್ಚಿ, ಅದೇ ಸ್ಟೀಲ್ ಲೋಟ. ಅವರು ಮಾಡುವುದೇನೆಂದು ಆಡಳಿತ ವಿಭಾಗಕ್ಕೆ ಗೊತ್ತಿಲ್ಲ. ಸಿ ಭಾಷೆಯಲ್ಲಿ ಪ್ರೋಗ್ರಾಮು ಬರೆದು, ಅದರಿಂದ ಫೋರ್ಟ್ರಾನ್ ರೂಟೀನು ಕರೆಯಲು ಹೋಗಿ ಕೈ ಸುಟ್ಟುಕೊಂಡ ಹುಡುಗರಿಗೆ ಮಾತ್ರ ಗೊತ್ತು.

ಹುಡುಗ ಬಾಗಿಲಲ್ಲಿ ಕಾಣುತ್ತಲೇ ರಾಯರು ತಲೆಯೆತ್ತದೆ ಕೇಳುತ್ತಾರೆ: “ಅಂಡರ್‌ಸ್ಕೋರ್ ಹಾಕಿದ್ಯೇನಯ್ಯಾ?”

ಹಾಕಿರುವುದಿಲ್ಲ. ಕರೆಯಬೇಕಾದದ್ದು ಡಿಜಿಇಎಸ್‌ವಿ. ಹೆಸರು ಕೇಳಿದರೆ ಯಾರೋ ನವೋದಯದ ಹಿರಿಯ ಕವಿಗಳ ಇನಿಶಿಯಲ್ಲಿನ ಹಾಗಿದ್ದರೂ ಪಾಪ, ಅದು ಸಮೀಕರಣ ಬಿಡಿಸುವ ರೂಟೀನು. ಕಂಪೈಲರು ಅದರ ಬಾಲಕ್ಕೊಂದು ಅಡಿಗೆರೆ ಅಂಟಿಸಿ ಲೈಬ್ರರಿಯಲ್ಲಿ ಇಟ್ಟಿರುತ್ತದೆ. ಬಾಲವಿಲ್ಲದೆ ಕರೆದರೆ ಲಿಂಕರು ‘ಅಂಥವರು ಯಾರೂ ಇಲ್ಲಿಲ್ಲ’ ಎಂದು ಬಾಗಿಲು ಹಾಕುತ್ತದೆ.

ರಾಯರ ವೈಶಿಷ್ಟ್ಯವೆಂದರೆ ಒಂದು ಭೇಟಿಗೆ ಒಂದೇ ಉತ್ತರ. ಮುಂದೆ ಇನ್ನೇನು ಕಾದಿದೆ ಎಂದು ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಹುಡುಗ ಬಾಲ ಹಚ್ಚಿ ಕುಣಿಯುತ್ತ ಹೋಗುತ್ತಾನೆ, ಅರ್ಧ ಗಂಟೆಯಲ್ಲಿ ಸೆಗ್ಮೆಂಟೇಶನ್ ಫಾಲ್ಟ್ ಹೊತ್ತು ವಾಪಸ್ಸು ಬರುತ್ತಾನೆ. “ಮ್ಯಾಟ್ರಿಕ್ಸಿನ ಅಳತೆ ಮೂರು ಅಂತ ಕೊಟ್ಯೋ, ಮೂರು ಎಲ್ಲಿದೆ ಅಂತ ಕೊಟ್ಯೋ?” ಫೋರ್ಟ್ರಾನಿಗೆ ಬೆಲೆ ಬೇಡ, ವಿಳಾಸ ಬೇಕು. ಇವನು ಕೊಟ್ಟ ಮೂರನ್ನೇ ವಿಳಾಸವೆಂದು ನಂಬಿ, ಮೆಮೊರಿಯ ಮೂರನೇ ನಂಬರಿನ ಮನೆ ಹುಡುಕಿಕೊಂಡು ಹೋಗಿ ಅದು ಪ್ರಾಣ ಬಿಟ್ಟಿರುತ್ತದೆ.

ಮೂರನೆಯ ಭೇಟಿಯೇ ರಾಯರಿಗೆ ಪರಮಪ್ರಿಯ. ಈ ಸಲ ಹುಡುಗ ನಗುತ್ತ ಬರುತ್ತಾನೆ. ಪ್ರೋಗ್ರಾಮು ಓಡಿದೆ, ಉತ್ತರವೂ ಸರಿಯಿದೆ. “ಸಿಮೆಟ್ರಿಕ್ ಮ್ಯಾಟ್ರಿಕ್ಸ್ ಕೊಟ್ಟು ನೋಡಿದ್ಯಾ?” ಹೌದು ಸಾರ್. “ಭೇಷ್” ಎಂದು ಕಳಿಸುತ್ತಾರೆ. ಸಿ ಅಡ್ಡಸಾಲು ಹಿಡಿದು ಬರೆಯುತ್ತದೆ, ಫೋರ್ಟ್ರಾನ್ ಕಂಬಸಾಲು ಹಿಡಿದು ಓದುತ್ತದೆ. ಹೀಗಾಗಿ ಮ್ಯಾಟ್ರಿಕ್ಸು ದಾಟುವಾಗ ಮಗುಚಿಕೊಳ್ಳುತ್ತದೆ. ಸಿಮೆಟ್ರಿಕ್ ಆದದ್ದು ಮಗುಚಿದರೂ ಅದೇ ಆದ್ದರಿಂದ ಗುಟ್ಟು ರಟ್ಟಾಗುವುದಿಲ್ಲ. ಹುಡುಗ ನಿಜವಾದ ದತ್ತಾಂಶ ಹಾಕಿದಾಗ ಬರುವುದು ಇನ್ಯಾವುದೋ ಸಮೀಕರಣಕ್ಕೆ ನಿಖರವಾದ ಉತ್ತರ. ಇದು ಗೊತ್ತಿದ್ದೂ ‘ಭೇಷ್’ ಅನ್ನುವುದು ಕ್ರೌರ್ಯವೇ. ಆದರೆ ಹಾಗೆ ಕಲಿತವರು ಯಾರೂ ಮರೆತದ್ದಿಲ್ಲ ಎನ್ನುವುದನ್ನೂ ಒಪ್ಪಬೇಕು.

ಸಿ ಬಗ್ಗೆ ರಾಯರಿಗೆ ದ್ವೇಷವಿಲ್ಲ, ಸದರ ಅಷ್ಟೇ. ಜಾನ್ ಬ್ಯಾಕಸ್ ತಂಡ ಐಬಿಎಂ 704ಕ್ಕೆ ಫೋರ್ಟ್ರಾನ್ ಕೊಟ್ಟಿದ್ದು 1957ರಲ್ಲಿ. ಸಿ ಕಣ್ಣು ಬಿಡುವ ಹೊತ್ತಿಗೆ ನಮ್ಮದು ಎಸ್ಸೆಸ್ಸೆಲ್ಸಿಗೆ ಬಂದಿತ್ತು ಅನ್ನುತ್ತಾರೆ. ಎಣಿಕೆ ಸೊನ್ನೆಯಿಂದ ಶುರುವಾಗುವುದಂತೂ ಅವರಿಗೆ ಸುತರಾಂ ಸೇರದು: “ನಿಮ್ಮನೇಲಿ ಹಿರೀ ಮಗನ್ನ ಸೊನ್ನೇ ಮಗ ಅಂತಾರೇನೋ?”

ಅವರ ಬಾಳಿನ ಸುಗ್ಗಿ 2019. ಫೋರ್ಟ್ರಾನ್ ರೂಟೀನಿಗೆ ಅಕ್ಷರ ಕಳಿಸುವಾಗ ಅದರ ಉದ್ದವನ್ನೂ ಕೊನೆಯಲ್ಲಿ ಗುಟ್ಟಾಗಿ ಕಳಿಸಬೇಕೆಂದು ಮೊದಲಿನಿಂದ ಬಡಕೊಳ್ಳುತ್ತಿದ್ದರು. ಒಂದೇ ಅಕ್ಷರಕ್ಕೆ ಎಂಥ ಉದ್ದ ಎಂದು ಎಲ್ಲರೂ ಬಿಟ್ಟಿದ್ದರು, ಕೋಡು ನಡೆಯುತ್ತಲೂ ಇತ್ತು. ಆ ವರ್ಷ ಜಿಎನ್‌ಯು ಫೋರ್ಟ್ರಾನಿನ ಹೊಸ ಆವೃತ್ತಿ, ಉದ್ದ ಬಂದೇ ಇರುತ್ತದೆಂದು ನಂಬಿ, ಸ್ಟ್ಯಾಕಿನಲ್ಲಿ ಪರರ ಜಾಗಕ್ಕೆ ಕೈ ಹಾಕಿತು. ಆರ್ ಭಾಷೆಯವರ ಪ್ಯಾಕೇಜುಗಳು ತಪತಪನೆ ಉರುಳಿದವು. ಸುದ್ದಿ ಬಂದ ದಿನ ರಾಯರು ಇಡೀ ಸೆಕ್ಷನ್ನಿಗೆ ಮೈಸೂರುಪಾಕು ಹಂಚಿದರು.

ಫೋರ್ಟ್ರಾನ್ 2003ರಲ್ಲೇ ಸಿ ಜೊತೆ ಮಾತಾಡುವ ಶಿಸ್ತಾದ ಏರ್ಪಾಡು ಬಂದಿದೆ, ಡಿಜಿಇಎಸ್‌ವಿ ಇರುವ ಲ್ಯಾಪ್ಯಾಕ್ ಲೈಬ್ರರಿಗೂ ಸಿ ಹೊದಿಕೆ ಸಿಕ್ಕಿದೆ. ಇವನ್ನು ರಾಯರ ಮುಂದೆ ಎತ್ತಬಾರದು. ಒಬ್ಬ ಹುಡುಗಿ ಇನ್ನೂ ಮುಂದೆ ಹೋಗಿ “ನಾನು ನಂಪೈ ಬಳಸ್ತೀನಿ ಸಾರ್, ಫೋರ್ಟ್ರಾನ್ ಗೋಜೇ ಇಲ್ಲ” ಅಂದಳು. ರಾಯರು ಅವಳನ್ನು ಕೂರಿಸಿಕೊಂಡು ನಂಪೈನ ಸಮೀಕರಣ ಬಿಡಿಸುವ ಫಂಕ್ಷನ್ನನ್ನು ಪದರ ಪದರವಾಗಿ ಬಿಚ್ಚಿದರು. ತಳದಲ್ಲಿ, ಬಾಲದ ಸಮೇತ, ಡಿಜಿಇಎಸ್‌ವಿ ಕೂತಿತ್ತು. ಆ ಮಧ್ಯಾಹ್ನ ಬೇರಾವ ಕೆಲಸವೂ ಆಗಲಿಲ್ಲ.

ಆ ರೂಟೀನು ಕೆಲಸ ಮುಗಿಸಿ ‘ಇನ್ಫೋ’ ಎಂಬ ಅಂಕಿ ಹಿಂದಿರುಗಿಸುತ್ತದೆ. ಸೊನ್ನೆಯಾದರೆ ಕ್ಷೇಮ, ಮೈನಸ್ ಬಂದರೆ ಅಷ್ಟನೇ ಆರ್ಗ್ಯುಮೆಂಟು ತಪ್ಪು. ಸೊನ್ನೆಗೆ ರಾಯರು ಮರ್ಯಾದೆ ಕೊಡುವುದು ಇಲ್ಲೊಂದೇ ಕಡೆ. ಮಗಳ ಮದುವೆ ಹೇಗಾಯಿತೆಂದು ಕೇಳಿದವರಿಗೆಲ್ಲ “ಇನ್ಫೋ ಸೊನ್ನೆ” ಅಂದರು. ಮೊನ್ನೆ ಕ್ಯಾಂಟೀನಿನ ಹುಡುಗ ಕಾಫಿ ತಂದಿಟ್ಟ. ಒಂದು ಗುಟುಕು ಹೀರಿ ಲೋಟ ವಾಪಸ್ಸು ಕೊಟ್ಟರು.

“ಮೈನಸ್ ಮೂರು.”

ಡಿಕಾಕ್ಷನ್, ಹಾಲು, ಸಕ್ಕರೆ. ಹುಡುಗ ಮರುಮಾತಿಲ್ಲದೆ ಹೋಗಿ ಸಕ್ಕರೆ ಹಾಕಿಸಿಕೊಂಡು ಬಂದ.