ಚಪ್ಪಾಳೆ ಮಾಸ್ತರ್ರು

ಮನೆಯೊಕ್ಕಲಿಗೆ ಹೋದವರು ದೇವರ ಕೋಣೆ ನೋಡುತ್ತಾರೆ, ಅಡುಗೆಮನೆಯ ಕಟ್ಟೆ ಸವರುತ್ತಾರೆ, ಒಟ್ಟು ಎಷ್ಟಾಯಿತೆಂದು ಮೆಲ್ಲಗೆ ಕೇಳುತ್ತಾರೆ. ನಮ್ಮ ಮಾಸ್ತರ್ರು ಮಾತ್ರ ಹಾಲ್‌ನ ನಟ್ಟನಡುವೆ ನಿಂತು ಒಂದೇ ಒಂದು ಚಪ್ಪಾಳೆ ಹೊಡೆಯುತ್ತಾರೆ. ಆಮೇಲೆ ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಲ್ಲುತ್ತಾರೆ. ಸೊಳ್ಳೆ ಸಿಕ್ಕಿತೇನೋ ಎಂದು ಮನೆಯೊಡತಿ ಅವರ ಅಂಗೈ ನೋಡುವಷ್ಟರಲ್ಲಿ ತೀರ್ಪು ಬರುತ್ತದೆ: "ಗ್ರಾನೈಟ್ ಹಾಕಿ ಕೆಡಿಸಿದ್ರಿ. ಇಲ್ಲಿ ಮೀಟಿಂಗ್ ಆಗಂಗಿಲ್ಲ."

ಆ ಮನೆಯಲ್ಲಿ ಮೀಟಿಂಗ್ ಮಾಡುವ ವಿಚಾರ ಯಾರಿಗೂ ಇರಲಿಲ್ಲ ಎನ್ನುವುದು ಬೇರೆ ಮಾತು.

ಇಂಥವರೊಬ್ಬರು ಈಗ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಇದ್ದಾರೆ. ಓದಿದ್ದು ಬೆಳೆ ವಿಜ್ಞಾನ, ಇಲ್ಲವೇ ಭೂಗರ್ಭಶಾಸ್ತ್ರ. ಒಂದು ದಿನ ಯಾವುದೋ ಕೇಬಲ್ಲನ್ನು ಸರಿಯಾದ ತೂತಿಗೆ ತುರುಕಿದ ತಪ್ಪಿಗೆ 'ವಿಡಿಯೊ ಕಾನ್ಫರೆನ್ಸ್ ಕೊಠಡಿಯ ಹೆಚ್ಚುವರಿ ಪ್ರಭಾರ' ಎಂಬ ಆದೇಶ ಬಂದು ಕೊರಳಿಗೆ ಬಿದ್ದಿರುತ್ತದೆ. ಭತ್ಯೆ ಇಲ್ಲ, ಬೀಗದ ಕೈ ಮಾತ್ರ ಉಂಟು. ರಿಮೋಟಿನ ಪ್ಲಾಸ್ಟಿಕ್ ಹೊದಿಕೆಯನ್ನು ಅವರು ಎಂದೂ ಬಿಚ್ಚುವುದಿಲ್ಲ. ನಮ್ಮಲ್ಲಿ ಕುಲಪತಿಗಳೂ ವೀಸಿ, ಈ ಕೊಠಡಿಯೂ ವೀಸಿ. "ಸರ, ವೀಸಿ ಹ್ಯಾಂಗ್ ಆಗ್ಯದರಿ" ಎಂದು ಜವಾನ ಓಡಿಬಂದಾಗ ಯಾವ ವೀಸಿ ಎಂದು ಕೇಳಿಕೊಂಡೇ ಗಾಬರಿಯಾಗಬೇಕು.

ಕೊಠಡಿ ಹುಟ್ಟಿದ್ದು ಹಿಂಗಾರಿ ಜೋಳದ ಸಲುವಾಗಿ. ಬರ ಬಿದ್ದರೂ ಎಲೆ ಹಸಿರಾಗಿಯೇ ಉಳಿಯುವ ತಳಿಗಳ ಮೇಲೆ ಜರ್ಮನಿಯ ಒಂದು ಪ್ರಯೋಗಾಲಯದ ಜೊತೆ ನಮ್ಮದು ಜಂಟಿ ಸಂಶೋಧನೆ. ವಾರಕ್ಕೊಮ್ಮೆ ಎರಡೂ ಕಡೆಯವರು ಕೂತು ಮಾತಾಡಬೇಕು. ದುಡ್ಡು ಬಂದಿತು, ಗೋಡೆಯಗಲದ ಪರದೆ ಬಂದಿತು, ಗಾಜಿನ ಗೋಡೆ ಎದ್ದಿತು, ನೆಲಕ್ಕೆ ಗ್ರಾನೈಟು, ಮೇಜಿಗೂ ಗ್ರಾನೈಟು. ಉಳಿದ ಪುಡಿಗಾಸಿನಲ್ಲಿ ಒಂದು ಮೈಕು ಬಂದು ಪರದೆಯ ಕೆಳಗೆ ಕೂತಿತು. ಮಾತಾಡುವವರು ಇದ್ದದ್ದು ಅಲ್ಲಿಂದ ಹದಿನೆಂಟು ಅಡಿ ದೂರ.

ಮೊದಲ ಸಭೆಯಲ್ಲೇ ಪ್ರತಿ ಮಡಿಗೆ ಎಷ್ಟು ಸಸಿ ಅಳೆಯಬೇಕೆಂಬ ಮಾತು. ನಾವು "ಫಿಫ್ಟೀನ್" ಅಂದೆವು. ಅತ್ತ ಕೇಳಿಸಿದ್ದು "ಫಿಫ್ಟಿ". ಅವರು "ಫಿಫ್ಟಿ" ಎಂದು ಖಾತ್ರಿ ಮಾಡಿಕೊಂಡರು. ಅದು ನಮಗೆ "ಫಿಫ್ಟೀನ್" ಎಂದೇ ಕೇಳಿಸಿತು. ಬರಹದಲ್ಲಿ 50 ಎಂದು ಬಂದ ಮೇಲೆ ಎದುರಾಡಲು ಯಾರಿಗೂ ಧೈರ್ಯವಿಲ್ಲ. ನಮ್ಮ ಸಂಶೋಧನಾ ವಿದ್ಯಾರ್ಥಿಗಳು ಒಂದು ಹಂಗಾಮು ಪೂರ್ತಿ ಎರೆಹೊಲದಲ್ಲಿ ನಿಂತು ಮಡಿಗೆ ಐವತ್ತರಂತೆ ಎಲೆ ಅಳೆದರು.

ಮಾಸ್ತರ್ರು ತಲೆ ಕೆಡಿಸಿಕೊಂಡದ್ದು ಆಗಲೇ. ದೂರದ ಮೈಕಿಗೆ ಬಾಯಿಂದ ನೇರ ಬರುವ ದನಿ ಸ್ವಲ್ಪ, ಗಾಜಿಗೂ ಗ್ರಾನೈಟಿಗೂ ಬಡಿದು ತಡವಾಗಿ ಬರುವ ದನಿಯೇ ಬಹಳ. ಒಂದು ಅಕ್ಷರದ ಬಾಲ ಮುಂದಿನದರ ತಲೆಯ ಮೇಲೆ ಕೂತು ಪದದ ಕೊನೆ ಮುಳುಗುತ್ತದೆ. "ನಾವು ಕಟ್ಟಿಸಿದ್ದು ಸಭಾಕೊಠಡಿ ಅಲ್ರೀ, ಸಣ್ಣ ಗೋಳಗುಮ್ಮಟ" ಎಂದು ಘೋಷಿಸಿದರು. ವಿಜಯಪುರಕ್ಕೂ ಹೋಗಿ ಬಂದರು. ಎಲ್ಲರೂ ಅಲ್ಲಿ ಹೆಂಡತಿಯ ಹೆಸರು ಕೂಗಿ ಏಳು ಸಲ ಕೇಳಿಸಿಕೊಂಡು ಖುಷಿಪಟ್ಟರೆ ಇವರು ಚಪ್ಪಾಳೆ ಹೊಡೆದು, ಮುಖ ಸಪ್ಪಗೆ ಮಾಡಿಕೊಂಡು ಕೆಳಗಿಳಿದರಂತೆ.

ಅವರ ಆರಾಧ್ಯದೈವ ವಾಲೇಸ್ ಸೇಬಿನ್. 1895ರಲ್ಲಿ ಹಾರ್ವರ್ಡ್‌ನ ಒಂದು ಉಪನ್ಯಾಸ ಕೊಠಡಿಯಲ್ಲಿ ಮಾತೇ ತಿಳಿಯದಂತಾದಾಗ ಅದನ್ನು ಸರಿಪಡಿಸಲು ಹಚ್ಚಿದ್ದು ಈ ತರುಣ ಭೌತವಿಜ್ಞಾನಿಯನ್ನು. ಅಲ್ಲಿ ಒಂದು ಸದ್ದು ಆರಲು 5 ಸೆಕೆಂಡಿಗೂ ಹೆಚ್ಚು ಹಿಡಿಯುತ್ತಿತ್ತು. ಸೇಬಿನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯಿಂದ ಆಸನದ ಮೆತ್ತೆಗಳನ್ನು ಹೊರಿಸಿ ತಂದು, ಆರ್ಗನ್ ಕೊಳವೆ ಊದಿಸಿ, ಗಡಿಯಾರ ಹಿಡಿದು ಅಳೆದು, ಬೆಳಗಾಗುವಷ್ಟರಲ್ಲಿ ವಾಪಸ್ ಇಡಿಸುತ್ತಿದ್ದ.

ನಮ್ಮವರಿಗೆ ನಾಟಕಶಾಲೆ ಇರಲಿಲ್ಲ, ಮನೆಯಿತ್ತು. ಮಾಸ್ತರ್ರ ಹೆಂಡತಿ, ನಮ್ಮೆಲ್ಲರ ವೈನಿಯವರ ತವರಿಂದ ಬಂದ ನವಲಗುಂದದ ಎರಡು ಜಮಖಾನ, ನವಿಲಿನ ಚಿತ್ತಾರದವು, ರಾತ್ರೋರಾತ್ರಿ ಕೊಠಡಿಗೆ ಹೋದವು. ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಸಂದು ಬಿಟ್ಟು ಕಟ್ಟಿದರು. ಮೈಕನ್ನು ಮೇಜಿನ ನಡುವಿಗೆ ಎಳೆದರು. ಚಪ್ಪಾಳೆ ಹೊಡೆದರು. ಸದ್ದು ಹುಟ್ಟಿದಲ್ಲೇ ಸತ್ತಿತು. ಅಂದು ಅವರ ಮುಖದಲ್ಲಿ ಕಂಡ ತೃಪ್ತಿ ಪಿಎಚ್‌ಡಿ ಬಂದಾಗಲೂ ಇರಲಿಲ್ಲವೆಂದು ಹಿರಿಯರು ಹೇಳುತ್ತಾರೆ.

ಸೇಬಿನ್‌ನ ಹಾಗೆ ಬೆಳಗಿನೊಳಗೆ ವಾಪಸ್ ಒಯ್ಯದ್ದೇ ತಪ್ಪಾಯಿತು. ತಪಾಸಣೆಗೆ ಬಂದ ಗುಮಾಸ್ತರು ಜಮಖಾನಗಳನ್ನು ಡೆಡ್ ಸ್ಟಾಕ್ ರಿಜಿಸ್ಟರಿಗೆ ಏರಿಸಿ, ನವಿಲಿನ ಬಾಲದ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಬರೆದರು.

ಆಮೇಲೆ ಕಾಯಿದೆಗಳು ಶುರುವಾದವು. ಸಭೆ ನಡೆವಾಗ ಫ್ಯಾನ್ ಬಂದ್, ಎಸಿ ಬಂದ್. ಬಳೆ ಇಟ್ಟ ಕೈ ಮೇಜಿನ ಮೇಲೆ ಊರಕೂಡದು. ಒಂದೇ ಕೊಠಡಿಯಲ್ಲಿ ಇನ್ನೊಂದು ಲ್ಯಾಪ್‌ಟಾಪಿನ ಮೈಕು ತೆರೆದರೆ ಎರಡೂ ಸೇರಿ ಊಳಿಡುತ್ತವೆಂದು ಹೊಸಬರ ಲ್ಯಾಪ್‌ಟಾಪ್ ಬಾಗಿಲಲ್ಲೇ ಜಪ್ತಿ. ಚಹಾದ ಜೊತೆ ಚೂಡಾ ಬರುವುದೂ ನಿಂತಿತು. ಒಬ್ಬರು ಶೇಂಗಾ ಕಡಿದದ್ದು ಜರ್ಮನಿಯಲ್ಲಿ ಮರ ಮುರಿದಂತೆ ಕೇಳಿಸಿತ್ತು. ಪೇಢೆಗೆ ಅಡ್ಡಿಯಿಲ್ಲ. ಧಾರವಾಡ ಪೇಢೆಯಷ್ಟು ನಿಶ್ಶಬ್ದ ತಿನಿಸು ಜಗತ್ತಿನಲ್ಲಿ ಇಲ್ಲವೆಂದು ಮಾಸ್ತರ್ರ ಅಭಿಪ್ರಾಯ, ನನ್ನದೂ ಹೌದು.

ಇಷ್ಟೆಲ್ಲ ಬಲ್ಲವರಿಗೆ ಗಡಿಯಾರ ಮಾತ್ರ ಕೈಕೊಟ್ಟಿತು. ಯುರೋಪಿನವರು ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸುತ್ತಾರೆ. ಮರುದಿನ ನಾವು ಎಂದಿನಂತೆ 2 ಗಂಟೆಗೆ ಸೇರಿದೆವು. ಅವರ ಹತ್ತೂವರೆ ಆಗುವಾಗ ನಮಗೆ 3. ಫ್ಯಾನಿಲ್ಲದೆ ಒಂದು ತಾಸು ಬೆವರುತ್ತ ಖಾಲಿ ಪರದೆಗೆ ಮುಖ ಕೊಟ್ಟು ಕೂತೆವು. ಮಾಸ್ತರ್ರು ಹತ್ತು ನಿಮಿಷಕ್ಕೊಮ್ಮೆ "ಕೇಳಸಾಕತ್ತದೇನ್ರಿ?" ಎಂದು ಪರದೆಯನ್ನು ವಿಚಾರಿಸುತ್ತಿದ್ದರು.

ಹೋದ ವರ್ಷ ಅವರ ಮಗಳ ಮದುವೆ ಗೊತ್ತಾಯಿತು. ಬೀಗರನ್ನು ಕೂರಿಸಲು ತವರಿನ ಜಮಖಾನವೇ ಆಗಬೇಕೆಂದು ವೈನಿಯವರ ಹಟ. ಕಚೇರಿಯಲ್ಲಿ ಕೇಳಿದರೆ, ಸರ್ಕಾರಿ ಸ್ವತ್ತು, ಸಮಿತಿ ಸೇರಬೇಕು ಎಂದರು. ವೈನಿಯವರು ಸಮಿತಿಗೆ ಕಾಯಲಿಲ್ಲ. ಆಟೋ ತಂದು ನಿಲ್ಲಿಸಿ, ಕೊಠಡಿಗೆ ನಡೆದು, ತಾವೇ ಹಗ್ಗ ಬಿಚ್ಚಿಕೊಂಡು ಹೋದರು.

ಅದೇ ಮಧ್ಯಾಹ್ನ ಸಭೆ. ಎರಡು ವಾಕ್ಯ ಆಗುವಷ್ಟರಲ್ಲಿ ಅತ್ತಲಿನ ಪ್ರೊಫೆಸರು, ನೀವು ಬೇರೆ ಕೊಠಡಿಯಲ್ಲಿದ್ದೀರಾ ಎಂದು ಕೇಳಿದರು. ಮಾಸ್ತರ್ರ ಎದೆ ಉಬ್ಬಿತು. ಇಷ್ಟು ವರ್ಷಕ್ಕೆ ಒಬ್ಬರಾದರೂ ಗುರುತಿಸಿದರಲ್ಲ! ಕೊಠಡಿ ಇದೇ, ಮನೆಯಲ್ಲಿ ವೆಡ್ಡಿಂಗ್ ಇದೆ, ಫಿಫ್ಟೀನ್ತ್ ಎಂದು ಇಂಗ್ಲಿಷಿನಲ್ಲಿ ಬಿಡಿಸಿ ಬಿಡಿಸಿ ಹೇಳಿದರು. ಅಲ್ಲಿದ್ದವರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಮೂರು ವಾರದ ಮೇಲೆ ಜರ್ಮನಿಯಿಂದ ಬಂಗಾರದಂಚಿನ ಕಾರ್ಡು ಬಂತು. ಐವತ್ತು ವರ್ಷದ ದಾಂಪತ್ಯಕ್ಕೆ ಶುಭಾಶಯ. ಮಾಸ್ತರ್ರಿಗೆ ಈಗ 57. ವೈನಿಯವರಿಗೆ ಅದನ್ನು ಇನ್ನೂ ತೋರಿಸಿಲ್ಲ.