ಟ್ರ್ಯಾಕ್ ಭಾವ

ಅಮೆರಿಕದ ಯಾವ ಕನ್ನಡ ಕೂಟಕ್ಕೆ ಹೋದರೂ ಕೆಲವು ಮುಖಗಳು ಕಾಯಂ. ಸಿಕ್ಕ ಮೈಕನ್ನು ಕೆಳಗಿಡದವರು ಒಬ್ಬರು. ಊಟದ ಸಾಲಿನಲ್ಲಿ ನಿಂತು ಮನೆಸಾಲದ ಬಡ್ಡಿ ವಿಚಾರಿಸುವವರು ಒಬ್ಬರು. ಮಗಳ ಭರತನಾಟ್ಯದ ವಿಡಿಯೋ ತೋರಿಸದೆ ಬಿಡದವರು ಇನ್ನೊಬ್ಬರು. ಈಚೆಗೆ ಹೊಸಬರೊಬ್ಬರು ಸೇರಿದ್ದಾರೆ. ಅವರು ಸಭಾಂಗಣದ ಒಳಗೆ ಸಿಗುವುದಿಲ್ಲ. ಪಾರ್ಕಿಂಗ್ ಜಾಗದ ಕಟ್ಟಕಡೆಯ ಮೂಲೆಯಲ್ಲಿ, ಯಾರ ಕಾರಿನ ಬಾಗಿಲೂ ತಾಗದಷ್ಟು ದೂರದಲ್ಲಿ, ಜರಿ ಪಂಚೆ ಎತ್ತಿ ಕಟ್ಟಿಕೊಂಡು, ಕುಕ್ಕರಗಾಲಿನಲ್ಲಿ ಕೂತು ಟೈರಿನ ಒಳ ಅಂಚನ್ನು ಬೆರಳಲ್ಲಿ ಸವರುತ್ತಿರುತ್ತಾರೆ. ವಯಸ್ಸು ನಲವತ್ತರ ಆಸುಪಾಸು, ಕೆಲಸ ಸಾಫ್ಟ್‌ವೇರು, ಕೈಯಲ್ಲಿ ಗಾಳಿ ನೋಡುವ ಮೀಟರು. "ಊಟ ಆಯ್ತಾ?" ಎಂದರೆ "ಎಡಗಡೆ ಮುಂದಿನದರಲ್ಲಿ ಎರಡು ಪೌಂಡ್ ಜಾಸ್ತಿ ಇದೆ" ಎನ್ನುತ್ತಾರೆ.

ನಮ್ಮ ಪಾಲಿಗೆ ಬಂದವರು ಅಕ್ಕನ ಗಂಡ. ಕ್ಯಾಲಿಫೋರ್ನಿಯಾದ ಫ್ರೀಮಾಂಟಿನಲ್ಲಿ ವಾಸ. ಬಂಧುಬಳಗವೆಲ್ಲ ಅವರನ್ನು ಟ್ರ್ಯಾಕ್ ಭಾವ ಎನ್ನುತ್ತದೆ. ಅವರಿಗೂ ಅದರಿಂದ ಬೇಸರವಿಲ್ಲ, ಬಿರುದು ಎಂದೇ ತಿಳಿದಿದ್ದಾರೆ.

ಕಾರು ಕೊಳ್ಳುವಾಗ ಅಕ್ಕನನ್ನು ಒಪ್ಪಿಸಿದ್ದು ಮೂರೇ ಮಾತಿನಲ್ಲಿ. "ಟೊಯೋಟಾ ಕಣೇ. ನಾಲ್ಕು ಸೀಟು. ದಿನಾ ಆಫೀಸಿಗೂ ಇದೇ." ಮೂರರಲ್ಲಿ ಒಂದೂ ಸುಳ್ಳಲ್ಲ, ಅದೇ ತೊಂದರೆ. ಬಂದದ್ದು ಜಿಆರ್ 86: 2.4 ಲೀಟರ್ ಇಂಜಿನ್, 228 ಅಶ್ವಶಕ್ತಿ, ಕೈಯಲ್ಲಿ ಹಾಕುವ ಗೇರು, ಎಳೆಯುವುದು ಹಿಂದಿನ ಚಕ್ರ. ಹಿಂದಿನ ಎರಡು ಸೀಟಿನಲ್ಲಿ ಕೂರಬೇಕಾದವರು ಕಾಲನ್ನು ಮನೆಯಲ್ಲಿಟ್ಟು ಬರಬೇಕು. ಆದರೆ ಆ ಸೀಟಿನ ಬೆನ್ನನ್ನು ಮಡಚಿದರೆ ನಾಲ್ಕು ಬಿಡಿ ಚಕ್ರಗಳು ಅಳತೆ ಹಿಡಿದಂತೆ ಒಳಗೆ ಕೂರುತ್ತವೆ. ಈ ವಂಶದ ಕಾರುಗಳನ್ನು ಮಾಡಿದವರು ಅದನ್ನು ಲೆಕ್ಕ ಹಾಕಿಯೇ ಮಾಡಿದ್ದು. ಕೊಳ್ಳುವವನು ಹೆಂಡತಿ ಮಕ್ಕಳಿಗೆ ಏನು ಹೇಳುತ್ತಾನೆ, ಆಮೇಲೆ ಏನು ತುಂಬುತ್ತಾನೆ ಎಂಬುದು ಜಪಾನಿನವರಿಗೆ ಮೊದಲೇ ಗೊತ್ತಿತ್ತು.

ಅಮೆರಿಕದಲ್ಲಿ ಈ ಕಾರು ಕೊಂಡವರಿಗೆ ಒಂದು ವರ್ಷದ ನಾಸಾ ಸದಸ್ಯತ್ವ ಪುಕ್ಕಟೆ. ಭಾವ ಈ ಸಂತೋಷವನ್ನು ಮೈಸೂರಿಗೆ ಫೋನ್ ಮಾಡಿ ಹಂಚಿಕೊಂಡರು. ಅಮ್ಮ ಸಂಜೆಯೊಳಗೆ ಕುವೆಂಪುನಗರದ ಅರ್ಧಕ್ಕೆ ಸುದ್ದಿ ಮುಟ್ಟಿಸಿದಳು: "ನಮ್ಮ ಅಳಿಯಂದಿರನ್ನ ನಾಸಾದವರು ತಗೊಂಡಿದಾರೆ. ಶನಿವಾರ ಭಾನುವಾರ ಮಾತ್ರ ಹೋದರೆ ಸಾಕಂತೆ." ಇದು ರಾಕೆಟ್ ಹಾರಿಸುವ ನಾಸಾ ಅಲ್ಲ, ನ್ಯಾಷನಲ್ ಆಟೊ ಸ್ಪೋರ್ಟ್ ಅಸೋಸಿಯೇಷನ್, ರೇಸಿನ ಮೈದಾನದಲ್ಲಿ ನಮ್ಮ ನಮ್ಮ ಕಾರು ಓಡಿಸಲು ಬಿಡುವ ಸಂಘ ಎಂದು ತಿಳಿಸಿ ಹೇಳಲು ಯಾರಿಗೂ ಮನಸ್ಸು ಬರಲಿಲ್ಲ. ಪಕ್ಕದ ಮನೆಯವರು ಮಗನ ಬಯೋಡೇಟಾ ಕಳಿಸಿದಾಗ ಮಾತ್ರ ಭಾವ ಒಂದು ವಾರ ಫೋನ್ ಎತ್ತಲಿಲ್ಲ.

ಶುರುವಾದದ್ದು ಬಹಳ ವಿವೇಕದಿಂದ. ಮೊದಲು ಬ್ರೇಕ್ ಆಯಿಲ್. ಮಾಮೂಲಿ ಡಾಟ್ 3 ಎಣ್ಣೆ 205 ಡಿಗ್ರಿಯವರೆಗೆ ಕುದಿಯದಿದ್ದರೆ ಸಾಕೆಂಬುದು ನಿಯಮ. ಟ್ರ್ಯಾಕಿನಲ್ಲಿ ಸುತ್ತುಸುತ್ತಿಗೂ ಜೋರಾಗಿ ಬ್ರೇಕ್ ಒತ್ತುವಾಗ ಆ ಬಿಸಿ ದಾಟಬಹುದು. ಎಣ್ಣೆ ಕುದಿದು ಒಳಗೆ ಆವಿಯ ಗುಳ್ಳೆ ಎದ್ದಿತೋ, ಪೆಡಲ್ಲು ನೆಲ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಹೀಗಾಗಿ 300 ಡಿಗ್ರಿ ತಡೆಯುವ ಎಣ್ಣೆ ಬಂತು. ಇಷ್ಟಕ್ಕೆ ನಿಲ್ಲಿಸಿದ್ದರೆ ಭಾವನಷ್ಟು ಬುದ್ಧಿವಂತರು ಆ ಬೀದಿಯಲ್ಲಿ ಇರುತ್ತಿರಲಿಲ್ಲ. "ಎಣ್ಣೆ ಬದಲಿಸಿದ ಮೇಲೆ ಪ್ಯಾಡೂ ಬದಲಿಸಿಬಿಡೋಣ, ಹೇಗಿದ್ರೂ ಚಕ್ರ ಬಿಚ್ಚಿದ್ದೀವಲ್ಲ" ಎಂದರು. ಈ ಹೇಗಿದ್ರೂ ಅವರ ಬಾಯಿಗೆ ಬಂದ ಮೇಲೆ ಆ ಚಕ್ರಗಳು ಪೂರ್ತಿಯಾಗಿ ಕಾರಿಗೆ ಮರಳಿದ್ದನ್ನು ಕಂಡವರಿಲ್ಲ.

ಟ್ರ್ಯಾಕಿನ ಪ್ಯಾಡು ಕಾದರೆ ಮಾತ್ರ ಹಿಡಿಯುತ್ತದೆ. ತಣ್ಣಗಿರುವಾಗ ಕಿರುಚುತ್ತದೆ. ಭಾವ ಆಫೀಸಿಗೆ ಹೋಗುವುದು 880 ಹೆದ್ದಾರಿಯಲ್ಲಿ, ಅಲ್ಲಿ ಬೆಳಗ್ಗೆ ಎಂಟಕ್ಕೆ 228 ಅಶ್ವಗಳೂ ಗಂಟೆಗೆ ಹನ್ನೆರಡು ಮೈಲಿಯಂತೆ ಮುಂದಿನ ಗಾಡಿಯ ಬಾಲ ಹಿಡಿದು ನಡೆಯುತ್ತವೆ. ಪ್ಯಾಡು ಕಾಯುವ ಮಾತೇ ಇಲ್ಲ. ಕೊತ್ತಂಬರಿ ಸೊಪ್ಪಿಗೆ ಇಂಡಿಯನ್ ಅಂಗಡಿಗೆ ಹೋದರೆ ಒಳಗಿರುವ ಅಕ್ಕ ತಲೆ ಎತ್ತದೆ "ಅವರು ಬಂದ್ರು" ಎನ್ನುತ್ತಾಳೆ. ಮೂರು ಅಂಗಡಿ ಸುತ್ತಿ ಕಟ್ಟಿಗೆ ಇಪ್ಪತ್ತು ಸೆಂಟ್ ಉಳಿಸಿದ ಆ ಕೊತ್ತಂಬರಿಯನ್ನು ಭಾವ ಸಾವಿರಾರು ಡಾಲರಿನ ಸಸ್ಪೆನ್ಷನ್ನಿನ ಮೇಲೆ ಮನೆಗೆ ತರುತ್ತಾರೆ.

ಸಸ್ಪೆನ್ಷನ್ ಬಂದದ್ದೂ ಒಂದು ತರ್ಕದಿಂದಲೇ. ತಿರುವಿನಲ್ಲಿ ಕಾರು ಹೊರಕ್ಕೆ ವಾಲಿದಾಗ ಟೈರು ಅಂಚಿನ ಮೇಲೆ ನಿಲ್ಲುತ್ತದೆ, ಹಿಡಿತ ಹೋಗುತ್ತದೆ. ಅದಕ್ಕೆ ಚಕ್ರದ ತಲೆಯನ್ನು ಮೊದಲೇ ಎರಡು ಮೂರು ಡಿಗ್ರಿ ಒಳಕ್ಕೆ ವಾಲಿಸಿಟ್ಟರೆ, ತಿರುವಿನಲ್ಲಿ ಟೈರಿನ ಪೂರ್ತಿ ಅಗಲ ನೆಲಕ್ಕೆ ಸಿಗುತ್ತದೆ. ಇದು ಕ್ಯಾಂಬರ್. ತರ್ಕದಲ್ಲಿ ಹುಳುಕಿಲ್ಲ. ಆದರೆ ಭಾವನ ಬದುಕಿನಲ್ಲಿ ತಿರುವಿಗಿಂತ ನೇರ ರಸ್ತೆ ಜಾಸ್ತಿ, ನೇರ ರಸ್ತೆಯಲ್ಲಿ ಈ ಟೈರು ಒಳ ಅಂಚನ್ನೇ ಸವೆಸುತ್ತದೆ. ಪಂಚೆ ಎತ್ತಿ ಕಟ್ಟಿ ಸವರುತ್ತಿದ್ದದ್ದು ಅದನ್ನೇ. ಕ್ಯಾಂಬರ್ ಜೊತೆಗೆ ಹೇಗಿದ್ರೂ ಕಾಯಿಲೋವರು, ಅಂದರೆ ಎತ್ತರ ಇಳಿಸಬಲ್ಲ ಗಟ್ಟಿ ಸ್ಪ್ರಿಂಗು. ಕಾರು ಕೆಳಗಿಳಿದ ಮೇಲೆ ಮನೆಯ ಮುಂದಿನ ಇಳಿಜಾರನ್ನು ಭಾವ ನೇರ ಹತ್ತುವುದಿಲ್ಲ, ಓರೆಯಾಗಿ ಹತ್ತುತ್ತಾರೆ. ಗೌರಿ ಹಬ್ಬದ ಹಿಂದಿನ ದಿನ ಮಣ್ಣಿನ ಗಣಪತಿ ತರಲು ಅವರೇ ಹೋಗುತ್ತೇನೆಂದಾಗ ಅಕ್ಕ ಬಾಗಿಲಿಗೆ ಅಡ್ಡ ನಿಂತಳು. "ಬೇಡ ರೀ. ಮನೆ ಸೇರೋದರೊಳಗೆ ವಿಸರ್ಜನೆ ಆಗಿರತ್ತೆ." ಗಣೇಶ ಅಕ್ಕನ ಹಳೇ ಮಿನಿವ್ಯಾನಿನಲ್ಲಿ ಸೀಟ್ ಬೆಲ್ಟ್ ಹಾಕಿಕೊಂಡು ಬಂದ.

ಆಟೊಕ್ರಾಸ್ ಎಂಬ ಪಂದ್ಯ ಇವರ ಪುಣ್ಯಕ್ಷೇತ್ರ. ಖಾಲಿ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನು ಜೋಡಿಸಿ ದಾರಿ ಮಾಡಿರುತ್ತಾರೆ, ಒಂದು ಸಲಕ್ಕೆ ಒಂದೇ ಕಾರು, ಗಡಿಯಾರದ ಎದುರು ಓಟ. ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ, 1944ರಲ್ಲಿ ಹುಟ್ಟಿದ ಸಂಘದ ಸ್ಥಳೀಯರು ಇದನ್ನು ಕ್ರೋಸ್ ಲ್ಯಾಂಡಿಂಗಿನಲ್ಲಿ ನಡೆಸುತ್ತಾರೆ. ಅದು ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಕಟ್ಟಿದ, ಈಗ ಪಾಳುಬಿದ್ದ ವಿಮಾನದ ರನ್‌ವೇ. ಒಂದು ಕಾಲಕ್ಕೆ ಆ ಜಾಗ ರಾಕೆಟ್ಟಿನ ನಾಸಾದ ಕೈಯಲ್ಲೂ ಇತ್ತು. ಅಮ್ಮ ಹೇಳಿದ್ದು ಪೂರ್ತಿ ತಪ್ಪೂ ಅಲ್ಲ.

ನಾನೂ ಒಮ್ಮೆ ನೋಡಲು ಹೋದೆ. ನೋಡುವವರೂ ‘ಏನಾದರೂ ಆದರೆ ನಿಮ್ಮನ್ನು ಕೇಳುವುದಿಲ್ಲ’ ಎಂಬ ಕಾಗದಕ್ಕೆ ಸಹಿ ಹಾಕಬೇಕು. ಓಟಕ್ಕೆ ಮೊದಲು ಎಲ್ಲರೂ ಆ ದಾರಿಯಲ್ಲಿ ಕಾಲ್ನಡಿಗೆಯಲ್ಲಿ ಹೋಗಿ ಬಾಯಿಪಾಠ ಮಾಡಿಕೊಳ್ಳುತ್ತಾರೆ. ಬೆಳಗಿನ ಚಳಿಯಲ್ಲಿ, ಬೋಳು ರನ್‌ವೇ ಮೇಲೆ ಐವತ್ತು ಅರವತ್ತು ಮಂದಿ ದೊಡ್ಡವರು ಇಲ್ಲದ ಸ್ಟೀರಿಂಗನ್ನು ಎರಡೂ ಕೈಯಲ್ಲಿ ತಿರುಗಿಸುತ್ತ, ತಮ್ಮಷ್ಟಕ್ಕೆ ಗೊಣಗುತ್ತ, ಅಲ್ಲಲ್ಲಿ ಬಗ್ಗಿ ಹಾವಿನಂತೆ ಬಳುಕುತ್ತ ನಡೆಯುತ್ತಿದ್ದರು. ಯಾವುದೋ ವ್ರತದ ಪ್ರದಕ್ಷಿಣೆ ನೋಡಿದ ಭಕ್ತಿ ನನಗೂ ಬಂತು. ಭಾವ ಒಂದು ಕೋನಿನ ಮುಂದೆ ನಿಂತು ಕಣ್ಣು ಮುಚ್ಚಿ, ಬಲಗಾಲನ್ನು ನಿಧಾನ ಒತ್ತಿ, ಬಿಟ್ಟು, ಮತ್ತೆ ಒತ್ತಿದರು. ಕಾರಿನ ಬಾಗಿಲಿಗೆ ಗೋಡೆ ಬಣ್ಣ ಹೊಡೆಯುವವರು ಬಳಸುವ ನೀಲಿ ಟೇಪಿನಿಂದ ನಂಬರು ಅಂಟಿಸಿದ್ದರು. ಅದನ್ನು ಸೋಮವಾರ ಆಫೀಸಿಗೂ ಹಾಗೇ ಹಾಕಿಕೊಂಡು ಹೋಗುತ್ತಾರೆ, ಮರೆತು ಎಂದು ಹೇಳಿಕೊಳ್ಳುತ್ತಾರೆ.

ಒಂದು ಓಟ ಹೆಚ್ಚೆಂದರೆ ಒಂದು ನಿಮಿಷ. ಅಂಥವು ನಾಲ್ಕೋ ಐದೋ ಸಿಗುತ್ತವೆ. ಉಳಿದ ಹೊತ್ತು ಬಿಸಿಲಲ್ಲಿ ನಿಂತು ಬೇರೆಯವರು ಬೀಳಿಸಿದ ಕೋನನ್ನು ಓಡಿಹೋಗಿ ಎತ್ತಿ, ಅದರ ಸುತ್ತ ಬರೆದ ಬಿಳಿ ಚೌಕದೊಳಗೆ ಸರಿಯಾಗಿ ನಿಲ್ಲಿಸುವ ಚಾಕರಿ. ಬಿದ್ದ ಕೋನಿಗೆ ತಲಾ ಎರಡು ಸೆಕೆಂಡ್ ದಂಡ. ತಳ ಚೌಕದ ಗೆರೆಯನ್ನು ಕೂದಲೆಳೆಯಷ್ಟು ಮುಟ್ಟಿಕೊಂಡು ನೆಟ್ಟಗೆ ನಿಂತಿದ್ದರೆ ದಂಡವಿಲ್ಲ. ಮನೆಯಲ್ಲಿ ಒಂದು ಲೋಟ ಎತ್ತಿಡದ ಭಾವ ಇಲ್ಲಿ ನೆಲಕ್ಕೆ ಕೆನ್ನೆ ತಾಗಿಸಿ ಗೆರೆ ನೋಡುತ್ತಿದ್ದರು. ಇದನ್ನು ಅಕ್ಕನಿಗೆ ಹೇಳಬಾರದಿತ್ತೇನೋ, ಹೇಳಿದೆ.

ಅವತ್ತು ಭಾವನಿಗಿಂತ ಮೂರು ಸೆಕೆಂಡ್ ಬೇಗ ಮುಗಿಸಿದವರು ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಹಳೇ ಮಿಯಾಟಾ ಕಾರು, ಸ್ಪ್ರಿಂಗಿನಿಂದ ಹಿಡಿದು ಎಲ್ಲ ಕಂಪನಿ ಕೊಟ್ಟದ್ದೇ, ಸೀಟಿನ ಮೇಲೆ ಹೂವಿನ ದಿಂಬು. ಓಡಿಸಿ ಬಂದು ಮಡಚುವ ಕುರ್ಚಿಯಲ್ಲಿ ಕೂತು ಸ್ವೆಟರ್ ಹೆಣೆಯತೊಡಗಿದರು. "ಅವರಿಗೆ ಸೀಟ್ ಟೈಮ್ ಜಾಸ್ತಿ. ಈ ಆಟದಲ್ಲಿ ಸೀಟ್ ಟೈಮೇ ಎಲ್ಲ" ಎಂದು ಭಾವ ಪ್ರಾಮಾಣಿಕವಾಗಿ ಒಪ್ಪಿಕೊಂಡರು. ಎರಡು ವಾರ ಬಿಟ್ಟು ಹೋದರೆ ಮನೆಗೆ ಹೊಸ ಸೀಟುಗಳೇ ಬಂದಿದ್ದವು. ಬೆನ್ನು ಬಾಗದ, ಪಕ್ಕೆ ಬಿಗಿ ಹಿಡಿಯುವ ರೇಸಿನ ಸೀಟು. ಶಿವ-ವಿಷ್ಣು ದೇವಸ್ಥಾನಕ್ಕೆಂದು ಲಿವರ್‌ಮೋರಿಗೆ ಹೋದಾಗ ಇಳಕಲ್ ಸೀರೆಯುಟ್ಟ ಅಕ್ಕ ಅದರಿಂದ ಹೊರಬಂದು ಸೆರಗು ಸರಿಮಾಡಿಕೊಳ್ಳುತ್ತ, "ಹೆರಿಗೆ ಇದಕ್ಕಿಂತ ಸಲೀಸಾಗಿತ್ತು" ಎಂದಳು.

ಆಟದ ನಿಯಮ ಪುಸ್ತಕದಲ್ಲಿ ಇವರಂಥವರಿಗೆಂದೇ ತೋಡಿದ ಒಂದು ಗುಂಡಿಯಿದೆ. ಕೆಳಗಿನ ‘ಸ್ಟ್ರೀಟ್’ ವರ್ಗದಲ್ಲಿ ಶಾಕ್ ಅಬ್ಸಾರ್ಬರ್ ಬದಲಿಸಬಹುದು, ಸ್ಪ್ರಿಂಗ್ ಮುಟ್ಟುವಂತಿಲ್ಲ. ಕಾರು ವಾಲದಂತೆ ತಡೆಯುವ ಕಂಬಿಯನ್ನು ಮುಂದೆ ಅಥವಾ ಹಿಂದೆ, ಒಂದು ಕಡೆ ಮಾತ್ರ ಬದಲಿಸಬಹುದು. ಒಂದೇ ಒಂದು ನಿಯಮ ಮೀರಿದರೂ ಮೇಲಿನ ವರ್ಗಕ್ಕೆ ಬಡ್ತಿ. ಕಾಯಿಲೋವರ್ ಹಾಕಿದ ದಿನ ಭಾವನಿಗೆ ಬಡ್ತಿಯಾಯಿತು. ಅಲ್ಲಿ ಇರುವವರು ಇನ್ನೂ ಅಗಲ ಟೈರಿನವರು. ಅವರಿಗೆ ಸಮ ಆಗಲು ಇನ್ನಷ್ಟು ಸಾಮಾನು ಬೇಕು, ಅದರಲ್ಲಿ ಯಾವುದೋ ಒಂದು ಅಲ್ಲಿಂದಲೂ ಮೇಲಕ್ಕೆ ಕಳಿಸುತ್ತದೆ. ಆಫೀಸಿನಲ್ಲಿ ವರ್ಷಗಳಿಂದ ಸಿಗದ ಬಡ್ತಿ ಇಲ್ಲಿ ಋತುವಿಗೊಂದು ಸಿಗುತ್ತಿದೆ. ಸ್ಥಾನ ಮಾತ್ರ ಎಲ್ಲ ವರ್ಗದಲ್ಲೂ ಕೊನೆಯಿಂದ ಎರಡನೆಯದು. ಪಿಯುಸಿಯಲ್ಲಿ ಓದಿದ್ದಕ್ಕಿಂತ ಬಣ್ಣದ ಪೆನ್ನಿನಲ್ಲಿ ಟೈಮ್‌ಟೇಬಲ್ ಬರೆದದ್ದೇ ಹೆಚ್ಚು ಎಂದು ಅವರ ತಾಯಿ ಹೇಳುತ್ತಿರುತ್ತಾರೆ. ಭಾವನಿಗೆ ವೇಗದ ಹುಚ್ಚು ಇದೆ ಎಂದು ನಾನು ನಂಬುವುದಿಲ್ಲ. ಅವರಿಗಿರುವುದು ತಯಾರಿಯ ಹುಚ್ಚು.

ರೇಸಿನ ಮೈದಾನದಲ್ಲೇ ನಮ್ಮ ಕಾರು ಓಡಿಸುವ ಟ್ರ್ಯಾಕ್ ಡೇ ಬೇರೆಯೇ ಲೋಕ. ಮಾಂಟೆರೆ ಹತ್ತಿರದ ಲಗೂನಾ ಸೆಕಾ 1957ರಿಂದ ಇರುವ ಮೈದಾನ, ಸುತ್ತು ಸುಮಾರು 3.6 ಕಿಲೋಮೀಟರ್, ಹನ್ನೊಂದು ತಿರುವು. ಅದರಲ್ಲಿ ಕಾರ್ಕ್‌ಸ್ಕ್ರೂ ಎಂಬ ತಿರುವಿನಲ್ಲಿ ರಸ್ತೆ ಇದ್ದಕ್ಕಿದ್ದಂತೆ ಹದಿನೆಂಟು ಮೀಟರ್ ಕೆಳಗೆ ಧುಮುಕುತ್ತದೆ. ಹತ್ತಿರದ ಮನೆಗಳವರ ಕಾಟಕ್ಕೆ ಅಲ್ಲಿ ಸದ್ದಿಗೂ ಮಿತಿ, ಬಹಳಷ್ಟು ದಿನ 90 ಡೆಸಿಬಲ್ ಆಸುಪಾಸು. ಸದ್ದಿಗೆಂದೇ ದುಡ್ಡು ಕೊಟ್ಟು ಹಾಕಿಸಿದ ಸೈಲೆನ್ಸರು ಭಾವನದು. ಕಪ್ಪು ಬಾವುಟ ತೋರಿಸಿ ಹೊರಗೆ ಕರೆದರು. ಮುಂದಿನ ಸಲ ಆ ಸೈಲೆನ್ಸರಿನ ಬಾಯಿಗೆ ಸದ್ದನ್ನು ಬೇರೆ ದಿಕ್ಕಿಗೆ ತಿರುಗಿಸುವ ಒಂದು ಬಾಗಿದ ಕೊಳವೆ, ಅದಕ್ಕೆ ಬೇರೆ ದುಡ್ಡು.

ಅಲ್ಲಿ ಹಿಂದಿನವನು ದಾಟಬೇಕಾದರೆ ಮುಂದಿನವನು ಕಿಟಕಿಯಿಂದ ಕೈ ಚಾಚಿ ಹೋಗು ಎನ್ನಬೇಕು, ಅದಿಲ್ಲದೆ ದಾಟುವಂತಿಲ್ಲ. ಹೊಸೂರು ರಸ್ತೆಯಲ್ಲಿ ಆಂಬ್ಯುಲೆನ್ಸಿಗೂ ಲೆಕ್ಕ ಹಾಕಿ ಜಾಗ ಬಿಟ್ಟ ಭಾವ ಇಲ್ಲಿ ದಿನವಿಡೀ ದಾನಶೂರ ಕರ್ಣ. ಸಂಜೆ ಮನೆಗೆ ಬಂದಾಗ ಎಡಗೈ ಮೊಣಕೈವರೆಗೆ ಕಪ್ಪಾಗಿರುತ್ತದೆ, ಬಲಗೈ ಹೋದ ಹಾಗೇ ಇರುತ್ತದೆ.

ಅಕ್ಕ ಲೆಕ್ಕಪತ್ರದ ಕೆಲಸದವಳು. ತೆರಿಗೆ ತುಂಬುವ ತಿಂಗಳಲ್ಲಿ ಭಾವನ ಖರ್ಚಿನ ಪಟ್ಟಿ ಅವಳ ಕೈಗೆ ಸಿಕ್ಕಿತು. ಎಲ್ಲದರ ಮುಂದೂ ಒಂದೇ ಮಾತು: ಸುರಕ್ಷತೆ. ಪ್ಯಾಡು, ಸುರಕ್ಷತೆ. ಟೈರು, ಸುರಕ್ಷತೆ. ಕಾಯಿಲೋವರು, ಸೀಟು, ಬಾಗಿದ ಕೊಳವೆ, ಸುರಕ್ಷತೆ. ಐಸ್ ಡಬ್ಬವೂ ಸುರಕ್ಷತೆ.

"ಟ್ರ್ಯಾಕಿನಲ್ಲಿ ಏನಾದ್ರೂ ಆದ್ರೆ ಮಾಮೂಲಿ ಇನ್ಶೂರೆನ್ಸ್ ಕೊಡಲ್ಲ, ಆ ದಿನಕ್ಕೇ ಬೇರೆ ತಗೋಬೇಕು ಅಂದಿದ್ರಲ್ಲ, ಅದೆಲ್ಲಿ ರೀ ಇದರಲ್ಲಿ?"

"ಅದು ಸುಮ್ಮನೆ ದಂಡ ಕಣೇ."

ಅಕ್ಕ ಮಾತು ಬೆಳೆಸಲಿಲ್ಲ. ಆ ವಾರವೇ ಪಾಲಿಸಿಯ ಅರ್ಜಿ ತರಿಸಿದಳು, ಕಾರಿಗಲ್ಲ, ಭಾವನ ಜೀವಕ್ಕೆ. ಅದರಲ್ಲಿ ಅಪಾಯದ ಹವ್ಯಾಸಗಳ ಬಗ್ಗೆ ಒಂದು ಪ್ರಶ್ನೆ: ಪರ್ವತಾರೋಹಣ, ವಿಮಾನ ಹಾರಾಟ, ಕಾರ್ ರೇಸಿಂಗ್ ಇದೆಯೇ? ಅಕ್ಕ ಫ್ರಿಜ್ಜಿನ ಮೇಲೆ ಅಂಟಿಸಿದ್ದ ಕ್ರೋಸ್ ಲ್ಯಾಂಡಿಂಗಿನ ಫಲಿತಾಂಶದ ಹಾಳೆಯನ್ನು ಒಮ್ಮೆ ನೋಡಿ, ಅಜ್ಜಿಯ ಹೆಸರಿಂದ ಭಾವನ ಹೆಸರಿನವರೆಗೆ ಬೆರಳು ಇಳಿಸಿಕೊಂಡು ಬಂದು, ‘ಇಲ್ಲ’ ಎಂದು ಬರೆದಳು.

ಭಾವ ಪೆನ್ನು ಕಿತ್ತುಕೊಂಡು ‘ಹೌದು’ ಎಂದು ತಿದ್ದಿದರು. ಕಂಪನಿಯವರು ಪ್ರೀಮಿಯಂ ಏರಿಸಿ, ತಾವು ಮೋಟಾರು ಕ್ರೀಡೆಯಲ್ಲಿ ಭಾಗವಹಿಸುವವರಾದ ಕಾರಣ ಎಂದು ಪತ್ರ ಬರೆದರು. ಭಾವ ಅದಕ್ಕೆ ಕಟ್ಟು ಹಾಕಿಸಿ ಗ್ಯಾರೇಜಿನಲ್ಲಿ ಹೆಲ್ಮೆಟ್ಟಿನ ಮೇಲೆ ತೂಗುಹಾಕಿದ್ದಾರೆ.